ಬ್ಯಾಟರಿ ನಿಜಕ್ಕೂ ಮುಗಿದಿದೆಯಾ? ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ತಿಳಿಯುವ ದಾರಿ

ಕಳೆದ ಜೂನ್ ತಿಂಗಳ ಒಂದು ಸಂಜೆ ಮಂಗಳೂರಿನಿಂದ ಉಡುಪಿಗೆ ಬರುವ ಎಕ್ಸ್‌ಪ್ರೆಸ್ ಬಸ್ಸಿನಲ್ಲಿದ್ದೆ. ಹೊರಗೆ ಜಡಿಮಳೆ. ಮುಲ್ಕಿ ದಾಟುವಾಗ ಅಮ್ಮನಿಗೆ ಫೋನ್ ಮಾಡೋಣ ಎಂದು ತೆಗೆದರೆ ಚಾರ್ಜ್ ಶೇ. 31 ಇತ್ತು. ರಿಂಗ್ ಆಗುವಷ್ಟರಲ್ಲಿ ಪರದೆ ಕಪ್ಪಾಯಿತು. ಸರ್ವಿಸ್ ಬಸ್ ನಿಲ್ದಾಣದಲ್ಲಿ ಇಳಿದು ಮನೆ ಸೇರುವ ತನಕ ಫೋನ್ ಇಲ್ಲ, ಆಟೋದವರಿಗೆ ಕೊಡಲು ಕೈಯಲ್ಲಿ ನಗದೂ ಇಲ್ಲ. ಮನೆಯಲ್ಲಿ ಚಾರ್ಜರಿಗೆ ಹಾಕಿದ ಎರಡೇ ನಿಮಿಷಕ್ಕೆ ಫೋನ್ ಆನ್ ಆಗಿ ಶೇ. 29 ಎಂದು ತೋರಿಸಿತು. ಅಂದರೆ ಚಾರ್ಜ್ ಮುಗಿದೇ ಇರಲಿಲ್ಲ!

ಅದಕ್ಕೂ ಒಂದು ವರ್ಷ ಹಿಂದೆ ಅಮ್ಮನ ಫೋನಿನ ಕಥೆ ಬೇರೆಯೇ ಆಗಿತ್ತು. ರಾತ್ರಿಯಿಡೀ ಚಾರ್ಜಿಗೆ ಹಾಕಿದರೂ ಬೆಳಿಗ್ಗೆ ಶೇ. 40 ದಾಟುತ್ತಿರಲಿಲ್ಲ. ಒಂದು ಅಂಗಡಿಗೆ ಕೊಟ್ಟೆವು. ಅವರು ಫೋನನ್ನು ಕೈಯಲ್ಲಿ ಹಿಡಿದು ನೋಡಿಯೇ "ಬ್ಯಾಟರಿ ಹೋಗಿದೆ" ಎಂದರು, ಬದಲಿಸಿದರು, 1,100 ರೂಪಾಯಿ ತೆಗೆದುಕೊಂಡರು. ನಾಲ್ಕೇ ದಿನಕ್ಕೆ ಅದೇ ರಗಳೆ. ಕೊನೆಗೆ ಪರಿಚಯದ ಹುಡುಗನೊಬ್ಬ ಟಾರ್ಚ್ ಹಿಡಿದು ಚಾರ್ಜಿಂಗ್ ಪೋರ್ಟಿನೊಳಗೆ ನೋಡಿ, ಮರದ ಹಲ್ಲುಕಡ್ಡಿಯಿಂದ ಮೆಲ್ಲ ಕೆದಕಿದ. ಒಳಗಿಂದ ಬಟ್ಟೆಯ ನೂಲು ಸೇರಿ ಗಟ್ಟಿಯಾದ ಒಂದು ಚೂರು ಬಂತು, ಜೊತೆಗೆ ಕುಚ್ಚಲಕ್ಕಿಯ ತೌಡು. ಮಳೆಗೆ ಒದ್ದೆಯಾದ ಫೋನನ್ನು ಅಮ್ಮ ಅಕ್ಕಿ ಡಬ್ಬದಲ್ಲಿ ಹೂತಿಟ್ಟಿದ್ದರಂತೆ. ಪೋರ್ಟ್ ಸ್ವಚ್ಛವಾದ ಮೇಲೆ ಚಾರ್ಜ್ ಸರಾಗವಾಗಿ ಏರಿತು. ಹಳೆಯ ಬ್ಯಾಟರಿಗೆ ಏನೂ ಆಗಿರಲಿಲ್ಲ.

ಈ ಎರಡೂ ಅನುಭವ ಆದ ಮೇಲೆ ನಾನು ಅಂಗಡಿಯವರ ಮಾತನ್ನಾಗಲಿ, ಪರದೆಯ ಮೇಲಿನ ಶೇಕಡಾವಾರನ್ನಾಗಲಿ ಹಾಗೇ ನಂಬುವುದು ಬಿಟ್ಟೆ. ಬ್ಯಾಟರಿಯ ಸ್ಥಿತಿಯನ್ನು ಮನೆಯಲ್ಲೇ ಅಳೆಯಬಹುದು. ಅದಕ್ಕೆ ಬೇಕಾದದ್ದು ಒಂದು ವಾರದ ತಾಳ್ಮೆ, ಒಂದು ಚೀಟಿ, ಒಂದು ಪೆನ್ನು.

ಎಲ್ಲಕ್ಕಿಂತ ಮೊದಲು: ಉಬ್ಬಿದೆಯಾ ನೋಡಿ

ಇದನ್ನು ನಾಳೆಗೆ ಇಡಬೇಡಿ, ಈಗಲೇ ಮಾಡಿ. ಫೋನಿನ ಕವರ್ ತೆಗೆಯಿರಿ. ಅಡುಗೆಮನೆಯ ಗ್ರಾನೈಟ್ ಕಟ್ಟೆಯೋ ಗಾಜಿನ ಟೀಪಾಯಿಯೋ, ಸಮತಟ್ಟಾದ ಒಂದು ಜಾಗದಲ್ಲಿ ಫೋನನ್ನು ಪರದೆ ಕೆಳಗಾಗುವಂತೆ ಇಡಿ. ಒಂದು ಮೂಲೆಯನ್ನು ಬೆರಳಿನಿಂದ ಮೆಲ್ಲ ಒತ್ತಿ. ಫೋನ್ ತೊಟ್ಟಿಲ ಹಾಗೆ ಅಲುಗಿದರೆ, ನಡುವೆ ಹಿಡಿದು ತಿರುಗಿಸಿದಾಗ ಬುಗುರಿಯಂತೆ ಸುತ್ತಿದರೆ ಒಳಗೆ ಬ್ಯಾಟರಿ ಉಬ್ಬಿರುವ ಸಾಧ್ಯತೆ ಉಂಟು. ಬಳಿಕ ಫೋನನ್ನು ಕಣ್ಣಿನ ಮಟ್ಟಕ್ಕೆ ಅಡ್ಡ ಹಿಡಿದು ಅಂಚುಗಳನ್ನು ನೋಡಿ. ಪರದೆಗೂ ಚೌಕಟ್ಟಿಗೂ ನಡುವೆ ಬೆಳಕು ಕಾಣುವಷ್ಟು ಸಂದು ಬಿಟ್ಟಿದೆಯಾ? ಹಿಂಬದಿಯ ಗಾಜು ಒಂದು ಕಡೆ ಎದ್ದಿದೆಯಾ? ಪರದೆಯ ನಡುವೆ ಒತ್ತಿದಂತೆ ಬಣ್ಣದ ಕಲೆ ಮೂಡಿದೆಯಾ?

ಹಿಂದೆ ನೇರವಾಗಿದ್ದ ಫೋನಿನಲ್ಲಿ ಇವುಗಳಲ್ಲಿ ಒಂದು ಹೊಸದಾಗಿ ಕಂಡರೂ ಮುಂದಿನ ಯಾವ ಪರೀಕ್ಷೆಯೂ ಬೇಡ. ಫೋನ್ ಆಫ್ ಮಾಡಿ, ಚಾರ್ಜಿಗೆ ಹಾಕಬೇಡಿ, ಎದ್ದ ಭಾಗವನ್ನು ಒತ್ತಿ ಕೂರಿಸಲು ಹೋಗಬೇಡಿ. ಲಿಥಿಯಂ ಅಯಾನ್ ಬ್ಯಾಟರಿಯೊಳಗಿನ ದ್ರವ ಬೇಗ ಹೊತ್ತಿಕೊಳ್ಳುವಂಥದ್ದು. ಆ ದ್ರವ ಒಡೆದು ಅನಿಲವಾದಾಗಲೇ ಬ್ಯಾಟರಿ ದಿಂಬಿನ ಹಾಗೆ ಊದುವುದು. ಚುಚ್ಚಿದರೆ, ಮಡಚಿದರೆ ಒಳಗಿನ ಪದರಗಳು ಒಂದಕ್ಕೊಂದು ತಾಗಿ ಶಾರ್ಟ್ ಆಗುತ್ತವೆ. 2016ರಲ್ಲಿ ಬ್ಯಾಟರಿಯ ದೋಷದಿಂದ ಬೆಂಕಿ ಹಿಡಿದು ಗ್ಯಾಲಕ್ಸಿ ನೋಟ್ 7 ಫೋನನ್ನು ಜಗತ್ತಿನಾದ್ಯಂತ ಹಿಂದಕ್ಕೆ ತೆಗೆದುಕೊಳ್ಳಬೇಕಾಗಿ ಬಂದಿತ್ತು. ಉಬ್ಬಿದ ಫೋನನ್ನು ಹಾಸಿಗೆ, ಸೋಫಾ, ಪುಸ್ತಕಗಳಿಂದ ದೂರ, ಬರೀ ನೆಲದ ಮೇಲೆ ಇಡಿ. ಆದಷ್ಟು ಬೇಗ ಸರ್ವಿಸ್ ಸೆಂಟರಿಗೆ ನೀವೇ ಒಯ್ಯಿರಿ, ಕೊರಿಯರ್ ಮಾಡಬೇಡಿ. ಅಕಸ್ಮಾತ್ ಹೊಗೆ ಬಂದರೆ ಜನರನ್ನು ದೂರ ಕಳಿಸಿ. ಫೋನ್ ಚಾರ್ಜರಿಗೆ ಜೋಡಿಸಿದ್ದರೆ ಗೋಡೆಯ ಸ್ವಿಚ್ ಆಫ್ ಮಾಡಿ, ಆಮೇಲೆ ದೂರದಿಂದ ಧಾರಾಳವಾಗಿ ನೀರು ಸುರಿಯಿರಿ. ಅಷ್ಟು ಚಿಕ್ಕ ಬ್ಯಾಟರಿಯನ್ನು ತಣಿಸಲು ನೀರು ಸಾಕು.

ಹಿರಿಯರ ಫೋನುಗಳನ್ನು ಮುಖ್ಯವಾಗಿ ನೋಡಿ. ದಪ್ಪ ಫ್ಲಿಪ್ ಕವರಿನೊಳಗೆ ವರ್ಷಗಟ್ಟಲೆ ಇರುವ ಫೋನ್ ಉಬ್ಬಿದರೂ ಯಾರ ಕಣ್ಣಿಗೂ ಬೀಳುವುದಿಲ್ಲ.

ತಪ್ಪು ಬ್ಯಾಟರಿಯದ್ದೇನಾ?

"ಚಾರ್ಜ್ ನಿಲ್ಲುದಿಲ್ಲ ಮಾರಾಯ್ರೆ" ಎನ್ನುವ ಮಾತಿನ ಹಿಂದೆ ನಾಲ್ಕು ಬೇರೆ ಬೇರೆ ಕಾರಣ ಇರಬಹುದು. ಬ್ಯಾಟರಿ ಅದರಲ್ಲಿ ಒಂದು ಮಾತ್ರ.

ಚಾರ್ಜ್ ಏರುವುದೇ ನಿಧಾನ, ಇಳಿಯುವುದು ಮಾಮೂಲಿನಂತೆ ಎಂದಾದರೆ ಮೊದಲು ಕೇಬಲ್ ಬದಲಿಸಿ ನೋಡಿ. ಆಮೇಲೆ ಅಡಾಪ್ಟರ್, ಆಮೇಲೆ ಪೋರ್ಟ್. ಕೇಬಲ್ ಸಿಕ್ಕಿಸಿದಾಗ "ಟಕ್" ಎಂದು ಪೂರ್ತಿ ಕೂರದೆ ಸ್ವಲ್ಪ ಹೊರಗೇ ನಿಲ್ಲುತ್ತದೆ, ಇಲ್ಲವೇ ಅಲುಗಿಸಿದಾಗ ಚಾರ್ಜ್ ನಿಂತು ನಿಂತು ಬರುತ್ತದೆ ಎಂದಾದರೆ ಒಳಗೆ ಕಸ ಕೂತಿದೆ. ಫೋನ್ ಆಫ್ ಮಾಡಿ, ಒಣಗಿದ ಮರದ ಕಡ್ಡಿಯಿಂದ ಬದಿಗಳನ್ನು ಮೆಲ್ಲ ಕೆದಕಿ ತೆಗೆಯಿರಿ. ಸೂಜಿ, ಸೇಫ್ಟಿ ಪಿನ್ ಬೇಡವೇ ಬೇಡ. ನಮ್ಮ ಕರಾವಳಿಯ ಉಪ್ಪು ಗಾಳಿಗೆ ಪೋರ್ಟಿನ ಲೋಹದ ತುದಿಗಳಿಗೆ ಹಸಿರು ಕಿಲುಬು ಹಿಡಿಯುವುದೂ ಉಂಟು. ಮಲ್ಪೆ, ಪಣಂಬೂರು ಕಡೆ ಕಡಲಿಗೆ ಹತ್ತಿರ ಇರುವವರು ಟಾರ್ಚ್ ಹಿಡಿದು ಅದನ್ನೂ ನೋಡಬೇಕು. ಕಿಲುಬು ಕಂಡರೆ ನೀವು ಕೈಹಾಕಬೇಡಿ. ಚಾರ್ಜಿಂಗ್ ಪೋರ್ಟ್ ಇರುವ ಸಣ್ಣ ಬೋರ್ಡನ್ನೇ ಬದಲಿಸಬೇಕಾಗಬಹುದು, ಅದು ರಿಪೇರಿಯವರ ಕೆಲಸ.

ಒದ್ದೆ ಫೋನನ್ನು ಅಕ್ಕಿಯಲ್ಲಿಡುವ ಪದ್ಧತಿ ದಯವಿಟ್ಟು ಬಿಡಿ. ಅಕ್ಕಿಯ ಕಣಗಳು ಫೋನಿಗೆ ಹಾನಿ ಮಾಡಬಹುದು ಎಂದು ಆ್ಯಪಲ್ ಕಂಪನಿಯೇ ತನ್ನ ಸೂಚನೆಯಲ್ಲಿ ಹೇಳಿದೆ. ಪೋರ್ಟ್ ಕೆಳಮುಖವಾಗುವಂತೆ ಹಿಡಿದು ಅಂಗೈಗೆ ತಟ್ಟಿ ನೀರು ಇಳಿಸಿ, ಫ್ಯಾನ್ ಗಾಳಿಯಲ್ಲಿ ಇಡಿ. ಪೂರ್ತಿ ಒಣಗುವ ತನಕ ಚಾರ್ಜರ್ ಸಿಕ್ಕಿಸಬೇಡಿ. ಹೇರ್ ಡ್ರೈಯರ್ ಕೂಡ ಬೇಡ.

ಎರಡನೆಯ ಕಾರಣ ಯಾವುದೋ ಒಂದು ಆ್ಯಪ್. ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ವಿಭಾಗಕ್ಕೆ ಹೋದರೆ ಯಾವ ಆ್ಯಪ್ ಎಷ್ಟು ತಿಂದಿದೆ ಎಂಬ ಪಟ್ಟಿ ಸಿಗುತ್ತದೆ. ನೀವು ಹೆಚ್ಚು ಬಳಸದ ಆ್ಯಪ್ ಒಂದು ಮೇಲಿನ ಸಾಲಿನಲ್ಲಿ ಕೂತಿದ್ದರೆ ಅದನ್ನು ತೆಗೆದು ಎರಡು ದಿನ ನೋಡಿ. ಸಾಫ್ಟ್‌ವೇರ್ ಅಪ್‌ಡೇಟ್ ಆದ ಮೊದಲ ಎರಡು ಮೂರು ದಿನ ಫೋನ್ ಒಳಗೊಳಗೇ ಕೆಲಸ ಮಾಡುತ್ತಿರುತ್ತದೆ, ಆಗ ಚಾರ್ಜ್ ಬೇಗ ಇಳಿಯುವುದು ಸಹಜ. ಆ ದಿನಗಳ ಲೆಕ್ಕ ಹಿಡಿಯಬೇಡಿ.

ಮೂರನೆಯದು ನೆಟ್‌ವರ್ಕ್. ನಮ್ಮ ಜಿಲ್ಲೆಗಳವರು ಇದನ್ನು ಮರೆತೇ ಬಿಡುತ್ತೇವೆ. ಸಿಗ್ನಲ್ ಕಡಿಮೆ ಇರುವಲ್ಲಿ ದೂರದ ಟವರನ್ನು ಮುಟ್ಟಲು ಫೋನ್ ಹೆಚ್ಚು ಶಕ್ತಿ ಸುರಿದು ಕೂಗಬೇಕಾಗುತ್ತದೆ. ನನ್ನ ಭಾವನ ಮನೆ ಹೆಬ್ರಿಯಿಂದ ಒಳಗೆ, ಗುಡ್ಡದ ಬುಡದಲ್ಲಿ. ಮಣಿಪಾಲದಲ್ಲಿ ಸಂಜೆ ತನಕ ಬರುವ ಅವರ ಫೋನ್ ಮನೆಯಲ್ಲಿ ಮಧ್ಯಾಹ್ನಕ್ಕೇ ಸುಸ್ತು. ಅವರು ಬ್ಯಾಟರಿ ಬದಲಿಸಬೇಕಾಗಲೇ ಇಲ್ಲ. ಮನೆಯಲ್ಲಿ ವೈಫೈ ಇತ್ತು, ವೈಫೈ ಕಾಲಿಂಗ್ ಆನ್ ಮಾಡಿ, ಬಳಸದ ಎರಡನೇ ಸಿಮ್ ಆಫ್ ಮಾಡಿದ್ದೇ ಸಾಕಾಯಿತು. ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರ್ ಕೂಡ ಸತ್ತ ದಿನ ಚಾರ್ಜ್ ಬೇಗ ಇಳಿದರೆ ಬ್ಯಾಟರಿಯನ್ನು ದೂರಬೇಡಿ.

ಈ ಮೂರನ್ನೂ ದಾಟಿದ ಮೇಲೂ ರಗಳೆ ಉಳಿದಿದ್ದರೆ ಆಗ ಬ್ಯಾಟರಿಯತ್ತ ಬನ್ನಿ.

ಮುಪ್ಪಾದ ಬ್ಯಾಟರಿ ಹೇಗೆ ವರ್ತಿಸುತ್ತದೆ

ಫೋನಿನ ಲಿಥಿಯಂ ಅಯಾನ್ ಬ್ಯಾಟರಿ 1991ರಲ್ಲಿ ಸೋನಿ ಕಂಪನಿಯಿಂದ ಮಾರುಕಟ್ಟೆಗೆ ಬಂದ ತಂತ್ರಜ್ಞಾನದ ಮುಂದುವರಿಕೆ. ಇದನ್ನು ಸಾಧ್ಯವಾಗಿಸಿದ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೋಶಿನೊ ಅವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಎಷ್ಟೇ ಒಳ್ಳೆಯ ಬ್ಯಾಟರಿಯಾದರೂ ಅದಕ್ಕೆ ಎರಡು ಬಗೆಯ ಮುಪ್ಪು ಬರುತ್ತದೆ. ಇವೆರಡನ್ನೂ ಬೇರೆ ಬೇರೆಯಾಗಿ ತಿಳಿದುಕೊಂಡರೆ ಅರ್ಧ ಗೊಂದಲ ಹೋಗುತ್ತದೆ.

ಮನೆಯ ಮೇಲಿನ ನೀರಿನ ಟ್ಯಾಂಕಿ ನೆನೆಸಿಕೊಳ್ಳಿ. ವರ್ಷ ಕಳೆದಂತೆ ಟ್ಯಾಂಕಿಯ ತಳದಲ್ಲಿ ಕೆಸರು ಕೂರುತ್ತದೆ, ಹಾಗಾಗಿ ಹಿಡಿಯುವ ನೀರು ಕಡಿಮೆಯಾಗುತ್ತದೆ. ಇದು ಸಾಮರ್ಥ್ಯ ಇಳಿಯುವುದು. ಅದರ ಜೊತೆಗೇ ಪೈಪಿನೊಳಗೆ ಪಾಚಿ ಕಟ್ಟುತ್ತದೆ. ಟ್ಯಾಂಕಿಯಲ್ಲಿ ನೀರಿದ್ದರೂ ನಲ್ಲಿ ಪೂರ್ತಿ ತಿರುಗಿಸಿದಾಗ ಬೇಕಾದಷ್ಟು ರಭಸದಲ್ಲಿ ಬರುವುದಿಲ್ಲ. ಬ್ಯಾಟರಿಯಲ್ಲಿ ಇದಕ್ಕೆ ಒಳರೋಧ ಹೆಚ್ಚುವುದು ಎನ್ನುತ್ತಾರೆ. ಕರೆ ಮಾಡುವಾಗ, ಕ್ಯಾಮೆರಾ ತೆರೆಯುವಾಗ ಫೋನ್ ಒಮ್ಮೆಲೇ ಹೆಚ್ಚು ವಿದ್ಯುತ್ ಎಳೆಯುತ್ತದೆ. ಆಗ ವೋಲ್ಟೇಜ್ ಕುಸಿದು ಫೋನ್ ತನ್ನಷ್ಟಕ್ಕೆ ಆಫ್ ಆಗುತ್ತದೆ. ಮುಲ್ಕಿಯಲ್ಲಿ ಶೇ. 31 ಇರುವಾಗಲೇ ನನ್ನ ಫೋನ್ ನಿಂತದ್ದು ಹೀಗೆ.

2017ರ ಡಿಸೆಂಬರಿನಲ್ಲಿ ಆ್ಯಪಲ್ ಒಪ್ಪಿಕೊಂಡದ್ದೂ ಇದನ್ನೇ. ಬ್ಯಾಟರಿ ಹಳತಾದ ಐಫೋನ್‌ಗಳು ಹೀಗೆ ಆಫ್ ಆಗದಿರಲಿ ಎಂದು ಅವುಗಳ ವೇಗವನ್ನು ಕಂಪನಿ ತಗ್ಗಿಸುತ್ತಿತ್ತು. ಬಳಸುವವರಿಗೆ ಅದು ಗೊತ್ತಿರಲಿಲ್ಲ. ಫೋನ್ ನಿಧಾನವಾಯಿತು ಎಂದು ಹೊಸದು ಕೊಂಡವರಲ್ಲಿ ಎಷ್ಟೋ ಜನಕ್ಕೆ ಬರೀ ಬ್ಯಾಟರಿ ಬದಲಿಸಿದ್ದರೆ ಸಾಕಿತ್ತು. 2018ರಲ್ಲಿ ಬಂದ ಐಒಎಸ್ 11.3ರಿಂದ ಬ್ಯಾಟರಿ ಹೆಲ್ತ್ ಎಂಬ ಪುಟ ಐಫೋನಿನಲ್ಲಿ ಕಾಣತೊಡಗಿದ್ದು ಈ ಗಲಾಟೆಯ ನಂತರವೇ.

ನಿಜವಾಗಿ ಬ್ಯಾಟರಿ ಮುಪ್ಪಾದದ್ದಕ್ಕೆ ನಾನು ನಂಬುವ ಲಕ್ಷಣಗಳು ಇವು: ಶೇ. 20, 30 ಇರುವಾಗ ದಿಢೀರ್ ಆಫ್ ಆಗಿ, ಚಾರ್ಜರ್ ಹಾಕಿದ ಕೂಡಲೇ ಮತ್ತೆ ಅಷ್ಟೇ ತೋರಿಸುವುದು. 46 ಇದ್ದದ್ದು ಒಮ್ಮೆಲೇ 38ಕ್ಕೆ ಹಾರುವುದು. ಹಿಂದೆಂದೂ ಇಲ್ಲದಷ್ಟು ಬೇಗ 100 ತುಂಬಿ ಅಷ್ಟೇ ಬೇಗ ಇಳಿಯುವುದು. ವಾಟ್ಸ್ಆ್ಯಪ್ ನೋಡುವಂಥ ಸಣ್ಣ ಕೆಲಸಕ್ಕೂ ಹಿಂಬದಿ ಬಿಸಿಯೇರುವುದು.

ಫೋನ್ ತಾನೇ ಹೇಳುವ ಲೆಕ್ಕ

ಲೆಕ್ಕ ನೋಡುವ ಮುಂಚೆ ಚಾರ್ಜ್ ಸೈಕಲ್ ಎಂದರೆ ಏನೆಂದು ಗೊತ್ತಿರಲಿ. ಎಷ್ಟು ಸಲ ಚಾರ್ಜರ್ ಸಿಕ್ಕಿಸಿದಿರಿ ಎಂಬುದು ಲೆಕ್ಕಕ್ಕಿಲ್ಲ. ಇವತ್ತು ಶೇ. 60, ನಾಳೆ ಶೇ. 40 ಖರ್ಚಾದರೆ ಎರಡೂ ಸೇರಿ ಒಂದು ಸೈಕಲ್.

ಐಫೋನಿನಲ್ಲಿ ಸೆಟ್ಟಿಂಗ್ಸ್, ಅದರೊಳಗೆ ಬ್ಯಾಟರಿ, ಅದರೊಳಗೆ ಬ್ಯಾಟರಿ ಹೆಲ್ತ್. ಮ್ಯಾಕ್ಸಿಮಮ್ ಕೆಪಾಸಿಟಿ ಎಂಬ ಸಾಲಿನಲ್ಲಿ ಶೇಕಡಾವಾರು ಇರುತ್ತದೆ. ಐಫೋನ್ 14 ಮತ್ತು ಅದಕ್ಕಿಂತ ಹಿಂದಿನವು 500 ಸೈಕಲ್ ಆದಾಗ ಶೇ. 80 ಸಾಮರ್ಥ್ಯ ಉಳಿಸಿಕೊಳ್ಳುವಂತೆ, ಐಫೋನ್ 15 ಮತ್ತು ನಂತರದವು 1,000 ಸೈಕಲ್ ಆದಾಗ ಅಷ್ಟು ಉಳಿಸಿಕೊಳ್ಳುವಂತೆ ಮಾಡಿದ್ದೇವೆ ಎನ್ನುತ್ತದೆ ಕಂಪನಿ. ಐಫೋನ್ 15ರಿಂದ ಈಚೆಗೆ ಸೈಕಲ್ ಸಂಖ್ಯೆಯೂ ಕಾಣುತ್ತದೆ. ಹಳೆಯ ಮಾದರಿಗಳಲ್ಲಿ ಅದು ಕಾಣುವುದಿಲ್ಲ.

ಆಂಡ್ರಾಯ್ಡ್‌ನಲ್ಲಿ ಒಂದೊಂದು ಕಂಪನಿಯದ್ದು ಒಂದೊಂದು ದಾರಿ. ಪಿಕ್ಸೆಲ್‌ನ ಹೊಸ ಮಾದರಿಗಳಲ್ಲಿ ಅಬೌಟ್ ಫೋನ್ ಒಳಗೆ ಬ್ಯಾಟರಿ ಇನ್ಫರ್ಮೇಶನ್ ಎಂಬಲ್ಲಿ ತಯಾರಾದ ದಿನಾಂಕ, ಸೈಕಲ್ ಸಂಖ್ಯೆ ಸಿಗುತ್ತವೆ. ಸ್ಯಾಮ್‌ಸಂಗ್‌ನಲ್ಲಿ ಸ್ಯಾಮ್‌ಸಂಗ್ ಮೆಂಬರ್ಸ್ ಆ್ಯಪ್ ತೆರೆದು ಫೋನ್ ಡಯಾಗ್ನಾಸ್ಟಿಕ್ಸ್‌ಗೆ ಹೋಗಿ ಬ್ಯಾಟರಿ ಸ್ಟೇಟಸ್ ಒತ್ತಿ. ಅದು ಅಂಕಿ ಕೊಡುವ ಬದಲು ಸ್ಥಿತಿ ಚೆನ್ನಾಗಿದೆಯೋ ಇಲ್ಲವೋ ಎಂದು ಮಾತಿನಲ್ಲಿ ಹೇಳುತ್ತದೆ. ಶಿಯೋಮಿ, ರೆಡ್ಮಿ, ಪೋಕೊ ಫೋನುಗಳಲ್ಲಿ ಡಯಲ್ ಮಾಡುವ ಜಾಗದಲ್ಲಿ *#*#6485#*#* ಒತ್ತಿ. ಅನೇಕ ಮಾದರಿಗಳಲ್ಲಿ ಒಂದು ಉದ್ದ ಪಟ್ಟಿ ಬರುತ್ತದೆ. ಅದರಲ್ಲಿ ಎಂಎಫ್ 02 ಸೈಕಲ್ ಸಂಖ್ಯೆ, ಎಂಎಫ್ 05 ಈಗಿನ ಸಾಮರ್ಥ್ಯ, ಎಂಎಫ್ 06 ಹುಟ್ಟಿದಾಗಿನ ಸಾಮರ್ಥ್ಯ. ಉಳಿದ ಕಂಪನಿಗಳ ಫೋನಿನಲ್ಲಿ ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ ಬ್ಯಾಟರಿ ಹೆಲ್ತ್ ಎಂದು ಬರೆದು ನೋಡಿ. ಈಚಿನ ಎಷ್ಟೋ ಮಾದರಿಗಳಲ್ಲಿ ಅದು ಉಂಟು.

ಈ ಅಂಕಿಗಳು ಫೋನಿನ ಅಂದಾಜು ಮಾತ್ರ ಎಂಬುದು ನೆನಪಿರಲಿ. ನನ್ನ ಗೆಳತಿಯ ಫೋನ್ ಶೇ. 86 ಎಂದು ತೋರಿಸುತ್ತಲೇ ದಿನಕ್ಕೆ ಎರಡು ಸಲ ಆಫ್ ಆಗುತ್ತಿತ್ತು. ಸಾಮರ್ಥ್ಯದ ಅಂಕಿ ಟ್ಯಾಂಕಿಯ ಕಥೆ ಹೇಳುತ್ತದೆ, ಪೈಪಿನದ್ದನ್ನಲ್ಲ.

ಚೀಟಿ, ಪೆನ್ನು ಹಿಡಿದು ಮಾಡುವ ಪರೀಕ್ಷೆ

ಫೋನ್ ಏನೂ ಹೇಳದಿದ್ದರೆ ಎರಡು ದಾರಿ ಉಂಟು.

ಒಂದು, ಆಂಡ್ರಾಯ್ಡ್‌ನವರಿಗೆ ಅಕ್ಯುಬ್ಯಾಟರಿ ಎಂಬ ಆ್ಯಪ್. ಚಾರ್ಜ್ ಆಗುವಾಗ ಬ್ಯಾಟರಿಗೆ ಎಷ್ಟು ಎಂಎಎಚ್ (ಬ್ಯಾಟರಿ ಹಿಡಿಯುವ ಚಾರ್ಜಿನ ಅಳತೆ) ಒಳಗೆ ಹೋಯಿತು ಎಂದು ಅದು ಎಣಿಸುತ್ತದೆ. ಹಿಂದಿರುವ ಲೆಕ್ಕ ಸರಳ. ಶೇ. 20ರಿಂದ 80ರ ತನಕ, ಅಂದರೆ ಶೇ. 60 ತುಂಬಲು 2,400 ಎಂಎಎಚ್ ಹೋಯಿತು ಎಂದಿಟ್ಟುಕೊಳ್ಳಿ. 2,400ನ್ನು 60ರಿಂದ ಭಾಗಿಸಿ 100ರಿಂದ ಗುಣಿಸಿದರೆ 4,000. ಫೋನ್ ಹೊಸದಿದ್ದಾಗ 5,000 ಇದ್ದರೆ ಈಗ ಉಳಿದದ್ದು ಶೇ. 80. ಒಂದೇ ಸಲದ ಅಂಕಿ ನಂಬಬೇಡಿ. 1 ಅಥವಾ 2 ಅಂಶದ ಸಣ್ಣ ಚಾರ್ಜುಗಳಲ್ಲಿ ತಪ್ಪು ಜಾಸ್ತಿ. ಶೇ. 20ರ ಸುತ್ತಮುತ್ತ ಹಚ್ಚಿ 80 ದಾಟಿಸಿ ತೆಗೆಯುವ ಚಾರ್ಜುಗಳನ್ನು ಐದಾರು ಸಲ ಮಾಡಿ ಸರಾಸರಿ ನೋಡಿ. ಆ್ಯಪ್‌ನಲ್ಲಿ ಹುಟ್ಟಿದಾಗಿನ ಸಾಮರ್ಥ್ಯ ಸರಿಯಾಗಿ ನಮೂದಾಗಿದೆಯೇ ಎಂದು ಫೋನಿನ ಪೆಟ್ಟಿಗೆಯ ಮೇಲಿನ ಅಂಕಿಗೆ ಹೋಲಿಸಿ. ಅದು ತಪ್ಪಿದ್ದರೆ ಫಲಿತಾಂಶವೂ ತಪ್ಪು. ಕೆಲವು ಫೋನುಗಳು ಒಳಗೆ ಎರಡು ಸೆಲ್‌ಗಳನ್ನು ಜೋಡಿಸಿಕೊಂಡಿರುತ್ತವೆ. ಅವುಗಳಲ್ಲಿ ಆ್ಯಪ್ ಅರ್ಧವೇ ತೋರಿಸಿ ಗಾಬರಿ ಹುಟ್ಟಿಸಬಹುದು. ಅಂಕಿ ಶೇ. 50ರ ಆಸುಪಾಸು ಬಂದು ಫೋನ್ ಮಾತ್ರ ಆರಾಮವಾಗಿ ದಿನ ದಾಟುತ್ತಿದ್ದರೆ ಇದೇ ಕಾರಣ ಇರಬಹುದು.

ಎರಡನೆಯ ದಾರಿ ನನಗೆ ಹೆಚ್ಚು ಇಷ್ಟ, ಯಾವ ಫೋನಿನಲ್ಲೂ ಆಗುತ್ತದೆ. ಯಕ್ಷಗಾನದ ಒಂದು ಪ್ರಸಂಗದ ವೀಡಿಯೊ ಫೋನಿಗೇ ಇಳಿಸಿಟ್ಟುಕೊಂಡಿದ್ದೇನೆ. ಏರೋಪ್ಲೇನ್ ಮೋಡ್ ಹಾಕಿ, ಆಟೊ ಬ್ರೈಟ್‌ನೆಸ್ ಆಫ್ ಮಾಡಿ, ಬೆಳಕನ್ನು ಸರಿಯಾಗಿ ಅರ್ಧಕ್ಕೆ, ಶಬ್ದವನ್ನೂ ಅರ್ಧಕ್ಕೆ ಇಟ್ಟು, ಶೇ. 90 ಆದಾಗ ವೀಡಿಯೊ ಶುರು ಮಾಡುತ್ತೇನೆ. ಎರಡು ಗಂಟೆಗೆ ನಿಲ್ಲಿಸಿ ಎಷ್ಟು ಇಳಿಯಿತು ಎಂದು ಬರೆಯುತ್ತೇನೆ. ಫೋನ್ ಕೊಂಡ ತಿಂಗಳು ಇಳಿದದ್ದು 18. ಮುಲ್ಕಿಯ ಘಟನೆಯ ಮರುದಿನ ಅದೇ ವೀಡಿಯೊ, ಅದೇ ಬೆಳಕು, ಎರಡು ಗಂಟೆಗೆ ಇಳಿದದ್ದು 24. ಹದಿನೆಂಟನ್ನು ಇಪ್ಪತ್ತನಾಲ್ಕರಿಂದ ಭಾಗಿಸಿದರೆ ಶೇ. 75. ಇದು ಒರಟು ಲೆಕ್ಕವೇ ಹೌದು, ಆದರೆ ಅದೇ ವಾರ ಆ್ಯಪ್ ಕೊಟ್ಟ ಸರಾಸರಿ ಶೇ. 77 ಇತ್ತು. ಎರಡು ಬೇರೆ ದಾರಿ ಹಿಡಿದು ಹೋದರೂ ಒಂದೇ ಊರು ತಲುಪಿದಾಗ ಧೈರ್ಯ ಬರುತ್ತದೆ.

ಹೊಸ ಫೋನ್ ಕೊಂಡವರಿಗೆ ನನ್ನ ಮನವಿ ಇಷ್ಟೇ. ಮೊದಲ ತಿಂಗಳಲ್ಲೇ ಈ ಪರೀಕ್ಷೆ ಮಾಡಿ ದಿನಾಂಕ ಹಾಕಿ ಬರೆದಿಡಿ. ಅದಿಲ್ಲದಿದ್ದರೆ ಮುಂದೆ ಹೋಲಿಸಲು ಏನೂ ಇರುವುದಿಲ್ಲ.

ಬದಲಿಸುವುದಾ, ಕಾಯುವುದಾ, ಹೊಸ ಫೋನಾ?

ಶೇ. 80 ಎಂಬುದನ್ನು ಎಲ್ಲರೂ ಬ್ಯಾಟರಿ ಬದಲಿಸುವ ಗೆರೆ ಎನ್ನುತ್ತಾರೆ. ಯುರೋಪಿಯನ್ ಒಕ್ಕೂಟ 2025ರ ಜೂನ್ 20ರಿಂದ ಜಾರಿಗೆ ತಂದ ನಿಯಮ ಕೂಡ 800 ಸೈಕಲ್ ಕಳೆದ ಮೇಲೂ ಫೋನಿನ ಬ್ಯಾಟರಿಯಲ್ಲಿ ಶೇ. 80 ಉಳಿದಿರಬೇಕು ಎನ್ನುತ್ತದೆ. ಆದರೆ 79 ಆದ ದಿನವೇ ಅಂಗಡಿಗೆ ಓಡಬೇಕಾಗಿಲ್ಲ. ನಿಮ್ಮ ದಿನಕ್ಕೆ ಫೋನ್ ಸಾಲುತ್ತದೆಯೇ ಎಂಬುದೇ ನನ್ನ ಅಳತೆಗೋಲು. ಇಡೀ ದಿನ ಮನೆಯಲ್ಲೋ ಕಚೇರಿಯಲ್ಲೋ ಚಾರ್ಜರಿನ ಹತ್ತಿರ ಇರುವವರಿಗೆ ಶೇ. 72 ಕೂಡ ಸಾಕಾಗಬಹುದು. ಬೆಳಿಗ್ಗೆ ಹೊರಟು ರಾತ್ರಿ ಮನೆ ಸೇರುವ, ದಿನವಿಡೀ ಫೋನಿನಲ್ಲೇ ಹಣ ತೆಗೆದುಕೊಳ್ಳುವ ಡೆಲಿವರಿ ಹುಡುಗನಿಗೆ, ಸಂತೆಯಲ್ಲಿ ಮೀನು ಮಾರುವ ಅಕ್ಕನಿಗೆ ಶೇ. 83 ಇದ್ದರೂ ಕಷ್ಟವೇ. ದೋಣಿಯಲ್ಲಿ ಹೋಗುವವರಿಗೆ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆ ನಿಷೇಧ ಇರುತ್ತದೆ. ಬ್ಯಾಟರಿ ಅಳೆದು ಬದಲಿಸಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗಲಿಕ್ಕಿಲ್ಲ.

ಆಫ್ ಆಗುವ ಕಾಯಿಲೆ ಇದ್ದರೆ ಮಾತ್ರ ಅಂಕಿ ಎಷ್ಟೇ ಇರಲಿ, ಕಾಯಬೇಡಿ. ಚಾರ್ಜ್ ಕಡಿಮೆ ನಿಲ್ಲುವ ಫೋನಿಗೆ ಪವರ್ ಬ್ಯಾಂಕ್ ಸಾಕು. ತುರ್ತಿನಲ್ಲಿ ಕೈಕೊಡುವ ಫೋನನ್ನು ನಂಬಿ ಹಿರಿಯರನ್ನು ಮನೆಯಲ್ಲಿ ಬಿಟ್ಟು ಹೋಗಲು ಆಗುವುದಿಲ್ಲ.

ಹಣದ ಲೆಕ್ಕವನ್ನು ತಿಂಗಳಿಗೆ ಇಳಿಸಿ ನೋಡಿ. ಬ್ಯಾಟರಿ ಬದಲಿಸಲು 2,400 ರೂಪಾಯಿ ಎಂದಿಟ್ಟುಕೊಂಡು ಫೋನ್ ಇನ್ನೂ ಎರಡು ವರ್ಷ ಬಂದರೆ ತಿಂಗಳಿಗೆ 100 ರೂಪಾಯಿ. 18,000 ರೂಪಾಯಿಯ ಹೊಸ ಫೋನ್ ನಾಲ್ಕು ವರ್ಷ ಬಂದರೂ ತಿಂಗಳಿಗೆ 375. ಆದರೆ ಒಂದು ಷರತ್ತು: ನಿಮ್ಮ ಫೋನಿಗೆ ಸೆಕ್ಯೂರಿಟಿ ಅಪ್‌ಡೇಟ್ ಇನ್ನೂ ಬರುತ್ತಿರಬೇಕು. ಸೆಟ್ಟಿಂಗ್ಸ್‌ನಲ್ಲಿ ಕೊನೆಯ ಅಪ್‌ಡೇಟಿನ ತಿಂಗಳು ನೋಡಿ. ಎರಡು ವರ್ಷದಿಂದ ಬಂದಿಲ್ಲದಿದ್ದರೆ, ಜೊತೆಗೆ ಪರದೆಯೂ ಒಡೆದಿದ್ದರೆ, ಆ ಫೋನಿಗೆ ಹಣ ಹಾಕುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಬ್ಯಾಂಕಿನ ಆ್ಯಪ್ ಅದರಲ್ಲಿ ಇದ್ದರಂತೂ ಬೇಡ.

ಫೋನ್ ಇನ್ನೂ ವಾರಂಟಿಯಲ್ಲಿದೆಯಾ ಎಂದು ಬಿಲ್ ತೆಗೆದು ನೋಡುವುದನ್ನು ಮರೆಯಬೇಡಿ. ಬ್ಯಾಟರಿಯ ವಾರಂಟಿ ಫೋನಿನದ್ದಕ್ಕಿಂತ ಕಡಿಮೆ ಅವಧಿಯದ್ದಾಗಿರಬಹುದು.

ಅಂಗಡಿಯ ಕೌಂಟರಿನಲ್ಲಿ

ನನ್ನ ಮೊದಲ ಆಯ್ಕೆ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್. ಹೋಗುವ ಮೊದಲೇ ಫೋನ್ ಮಾಡಿ ನಿಮ್ಮ ಮಾದರಿಯ ಬ್ಯಾಟರಿ ಸ್ಟಾಕ್ ಉಂಟಾ, ಒಟ್ಟು ಎಷ್ಟಾಗುತ್ತದೆ, ಎಷ್ಟು ಹೊತ್ತು ಬೇಕು ಎಂದು ಕೇಳಿ. ಹೆಬ್ರಿಯಿಂದಲೋ ಬೈಂದೂರಿನಿಂದಲೋ ಬಸ್ಸು ಹತ್ತಿ ಬಂದವರಿಗೆ "ನಾಡಿದ್ದು ಬನ್ನಿ" ಎಂದರೆ ಎರಡು ದಿನದ ಕೆಲಸ ಕೆಟ್ಟಂತೆ.

ಅಧಿಕೃತದಲ್ಲಿ ಸಿಗದಿದ್ದರೆ ಹಂಪನಕಟ್ಟೆಯಲ್ಲಾಗಲಿ ಉಡುಪಿಯ ಸಿಟಿ ಬಸ್ ನಿಲ್ದಾಣದ ಸುತ್ತಲಾಗಲಿ ಒಳ್ಳೆಯ ಕೈಗುಣದ ರಿಪೇರಿಯವರು ಇದ್ದಾರೆ. ಆದರೆ ಹಾಕುವ ಬ್ಯಾಟರಿಯನ್ನು ಹಾಕುವ ಮೊದಲೇ ಕೈಗೆ ತೆಗೆದುಕೊಂಡು ನೋಡಿ. ಅದರ ಲೇಬಲ್ ಮೇಲೆ ಐಎಸ್ 16046 ಎಂಬ ಮಾನಕ ಸಂಖ್ಯೆ ಮತ್ತು "ಆರ್" ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಎಂಬ ಸರಕಾರಿ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ತಯಾರಕರದ್ದು, ಊರ್ಜಿತದಲ್ಲಿ ಉಂಟಾ ಎಂದು ಅಲ್ಲೇ ಗೊತ್ತಾಗುತ್ತದೆ. ತಯಾರಾದ ದಿನಾಂಕವನ್ನೂ ನೋಡಿ. ಪೆಟ್ಟಿಗೆಯಲ್ಲಿ ಸುಮ್ಮನೆ ಕೂತರೂ ಬ್ಯಾಟರಿ ಹಳತಾಗುತ್ತದೆ, ಮೂರು ವರ್ಷ ಕಪಾಟಿನಲ್ಲಿದ್ದದ್ದು ಹೊಸದಲ್ಲ. ನಿಮ್ಮ ಫೋನಿನದ್ದು 5,000 ಎಂಎಎಚ್ ಆಗಿದ್ದು, ಅದೇ ಅಳತೆಯ ಬದಲಿ ಬ್ಯಾಟರಿಯ ಮೇಲೆ 6,500 ಎಂದು ಬರೆದಿದ್ದರೆ ಆ ಅಂಕಿಯನ್ನು ನಂಬಿ ತೆಗೆದುಕೊಳ್ಳಬೇಡಿ.

ಕೊಡುವ ಮೊದಲು ಫೋಟೊ, ಕಾಂಟ್ಯಾಕ್ಟ್ ಎಲ್ಲ ಬ್ಯಾಕಪ್ ಮಾಡಿ. ಲಾಕ್ ಪಾಸ್‌ವರ್ಡ್ ಕೊಡಬೇಡಿ, ಬ್ಯಾಟರಿ ಬದಲಿಸಲು ಅದು ಬೇಕಾಗಿಲ್ಲ. ಸ್ಯಾಮ್‌ಸಂಗ್‌ನಲ್ಲಿ ಮೇಂಟೆನೆನ್ಸ್ ಮೋಡ್, ಪಿಕ್ಸೆಲ್‌ನಲ್ಲಿ ರಿಪೇರ್ ಮೋಡ್ ಆನ್ ಮಾಡಿ ಕೊಟ್ಟರೆ ಅವರು ಫೋನ್ ಪರೀಕ್ಷಿಸಬಹುದು, ನಿಮ್ಮ ಫೋಟೊ, ಸಂದೇಶ ನೋಡಲು ಆಗುವುದಿಲ್ಲ. ಚಾರ್ಜ್ ಶೇ. 25ಕ್ಕಿಂತ ಕೆಳಗಿರಲಿ. ತುಂಬಿದ ಬ್ಯಾಟರಿಯನ್ನು ಅಂಟಿನಿಂದ ಎಬ್ಬಿಸುವಾಗ ಅಪಾಯ ಹೆಚ್ಚು.

ನನ್ನ ಫೋನ್ ತೆರೆಯುವಾಗ ಪಕ್ಕದಲ್ಲೇ ನಿಂತಿದ್ದೆ. ಹಿಂಬದಿಯನ್ನು ಬಿಸಿ ಪ್ಯಾಡಿನ ಮೇಲಿಟ್ಟು ಅಂಟು ಮೆತ್ತಗಾದ ಮೇಲೆ ತೆಳ್ಳಗಿನ ಪ್ಲಾಸ್ಟಿಕ್ ಬಿಲ್ಲೆಯನ್ನು ಅಂಚಿನ ಸುತ್ತ ಓಡಿಸಿದರು. ಮುಚ್ಚಳ ಎದ್ದಾಗ ಒಂದು ಸಿಹಿಯಾದ, ನೇಲ್ ಪಾಲಿಶ್‌ನಂಥ ವಾಸನೆ ಬಂತು. "ನೋಡಿ ಸರ್" ಎಂದು ಅವರು ತೋರಿಸಿದಾಗ ಬ್ಯಾಟರಿಯ ನಡುಭಾಗ ಒಂದು ಕಾಗದದ ದಪ್ಪದಷ್ಟು ಮೇಲೆದ್ದಿತ್ತು. ಹೊರಗಿನಿಂದ ಅದು ನನಗೆ ಕಂಡೇ ಇರಲಿಲ್ಲ. ಲೋಹದ ಉಪಕರಣ ಮುಟ್ಟಿಸದೆ, ಕೆಳಗಿನ ಅಂಟುಪಟ್ಟಿಯನ್ನು ಉದ್ದಕ್ಕೆ ಎಳೆದು ನಿಧಾನವಾಗಿ ಬಿಡಿಸಿದರು. ಸ್ಕ್ರೂಡ್ರೈವರ್ ತುರುಕಿ ಮೀಟುವವರನ್ನು ಕಂಡರೆ ಅಲ್ಲೇ ತಡೆಯಿರಿ.

ನೀರು ತಡೆಯುವ ಫೋನಾದರೆ ಹೊಸ ಅಂಟಿನ ಸೀಲ್ ಹಾಕುತ್ತೀರಾ ಎಂದು ಕೇಳಿ. ಹಾಕಿದರೂ ಮೊದಲಿನ ಭರವಸೆ ಇರುವುದಿಲ್ಲ. ನಮ್ಮ ಮಳೆಗೆ ಅದನ್ನು ಸಾದಾ ಫೋನ್ ಎಂದೇ ತಿಳಿದು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿಡಿ. ಐಫೋನ್ ಎಕ್ಸ್‌ಎಸ್, ಎಕ್ಸ್‌ಆರ್ ಮತ್ತು ನಂತರದವುಗಳಲ್ಲಿ ಕಂಪನಿಯದ್ದಲ್ಲದ ಬ್ಯಾಟರಿ ಹಾಕಿದರೆ ಸೆಟ್ಟಿಂಗ್ಸ್‌ನಲ್ಲಿ ಅಪರಿಚಿತ ಭಾಗ ಎಂಬ ಸೂಚನೆ ಬರುತ್ತದೆ. ಮಾರುವ ಯೋಚನೆ ಇದ್ದರೆ ಅದನ್ನು ಗಮನಿಸಿ.

ಹಳೆಯ ಬ್ಯಾಟರಿಯನ್ನು ಕಸದ ಗಾಡಿಗೆ ಕೊಡಬೇಡಿ. ಬ್ಯಾಟರಿ ತ್ಯಾಜ್ಯ ನಿರ್ವಹಣೆಯ 2022ರ ನಿಯಮಗಳ ಪ್ರಕಾರ ಅದನ್ನು ವಾಪಸ್ ಸಂಗ್ರಹಿಸುವ ಹೊಣೆ ತಯಾರಕರದ್ದು, ಹಾಗಾಗಿ ಸರ್ವಿಸ್ ಸೆಂಟರಿನಲ್ಲೇ ಒಪ್ಪಿಸಿ. ಮಂಗಳೂರಿನ ಕಸ ಹೋಗುವ ಪಚ್ಚನಾಡಿಯಲ್ಲಿ 2019ರ ಆಗಸ್ಟಿನಲ್ಲಿ ರಾಶಿ ಜಾರಿ ಮಂದಾರ ಎಂಬ ಊರಿನ ತೋಟಗಳನ್ನು ಮುಚ್ಚಿದ್ದನ್ನು ನಾವೆಲ್ಲ ಕಂಡಿದ್ದೇವೆ. ಅಂಥ ರಾಶಿಯೊಳಗೆ ಒತ್ತಡಕ್ಕೆ ಸಿಕ್ಕಿ ಒಡೆಯುವ ಲಿಥಿಯಂ ಬ್ಯಾಟರಿ ಸೇರಬಾರದು.

ಹೊಸ ಬ್ಯಾಟರಿ ಬಂದ ಮೇಲೆ

ಕೌಂಟರಿನಿಂದ ಹೊರಡುವ ಮುಂಚೆ ಹಿಂಬದಿ ಸುತ್ತಲೂ ಕೂತಿದೆಯಾ, ಚಾರ್ಜ್ ಆಗುತ್ತದಾ, ಕ್ಯಾಮೆರಾ, ಸ್ಪೀಕರ್, ಬೆರಳಚ್ಚು ಎಲ್ಲ ಕೆಲಸ ಮಾಡುತ್ತದಾ ನೋಡಿ. ಬಿಲ್ಲಿನಲ್ಲಿ ಬ್ಯಾಟರಿಯ ವಾರಂಟಿ ಎಷ್ಟು ತಿಂಗಳು ಎಂದು ಬರೆಸಿಕೊಳ್ಳಿ.

ಹೊಸ ಬ್ಯಾಟರಿಯನ್ನು ಎಂಟು ಗಂಟೆ ಚಾರ್ಜ್ ಮಾಡಬೇಕು ಎಂಬುದು ಹಳೆಯ ಕಾಲದ ಬ್ಯಾಟರಿಗಳ ಮಾತು, ಇದಕ್ಕೆ ಬೇಕಾಗಿಲ್ಲ. ಒಂದು ಸಲ ಪೂರ್ತಿ ತುಂಬಿಸಿ, ತೀರಾ ಕೆಳಗಿನ ತನಕ ಬಳಸಿ, ಮತ್ತೆ ತುಂಬಿಸಿದರೆ ಶೇಕಡಾವಾರಿನ ಎಣಿಕೆ ಸರಿಹೋಗುತ್ತದೆ. ಅದನ್ನು ಪದೇ ಪದೇ ಮಾಡಬೇಡಿ.

ಬ್ಯಾಟರಿಗೆ ದೊಡ್ಡ ಶತ್ರು ಶಾಖ. ಸುತ್ತಲಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸಾಮರ್ಥ್ಯಕ್ಕೆ ಶಾಶ್ವತ ಪೆಟ್ಟು ಬೀಳಬಹುದು ಎಂದು ಆ್ಯಪಲ್ ಹೇಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹೆದ್ದಾರಿ 66ರಲ್ಲಿ ಬೈಕಿನ ಹ್ಯಾಂಡಲಿಗೆ ಫೋನ್ ಸಿಕ್ಕಿಸಿ, ಮ್ಯಾಪ್ ಹಾಕಿ, ಚಾರ್ಜೂ ಮಾಡುತ್ತಾ ಹೋಗುವಾಗ ಎಷ್ಟಾಗಿರಬೇಡ! ಬಿಸಿಲಿಗೆ ಸಿಕ್ಕಿಸುವುದಾದರೆ ಚಾರ್ಜರ್ ತೆಗೆಯಿರಿ, ಚಾರ್ಜ್ ಬೇಕಿದ್ದರೆ ನೆರಳಿನಲ್ಲಿ ನಿಲ್ಲಿಸಿ. ಶೇ. 80ಕ್ಕೆ ಚಾರ್ಜ್ ನಿಲ್ಲಿಸುವ ಸೌಲಭ್ಯ ನಿಮ್ಮ ಫೋನಿನಲ್ಲಿದ್ದರೆ ಮಾಮೂಲಿ ದಿನಗಳಲ್ಲಿ ಆನ್ ಇಡಿ. ಗಾಳಿಮಳೆಯ ಮುನ್ಸೂಚನೆ ಇದ್ದಾಗ, ಮೆಸ್ಕಾಂ ಲೈನ್ ಯಾವಾಗ ಹೋಗುತ್ತದೋ ಎಂಬ ರಾತ್ರಿಗಳಲ್ಲಿ ಅದನ್ನು ಆಫ್ ಮಾಡಿ 100 ತುಂಬಿಸಿಕೊಳ್ಳಿ. ಪೆಟ್ಟಿಗೆಯಲ್ಲಿ ಎತ್ತಿಡುವ ಹಳೆಯ ಫೋನನ್ನು ಅರ್ಧ ಚಾರ್ಜಿನಲ್ಲಿಟ್ಟು, ಆರು ತಿಂಗಳಿಗೊಮ್ಮೆ ತೆಗೆದು ಮತ್ತೆ ಅರ್ಧಕ್ಕೆ ತನ್ನಿ.

ಬ್ಯಾಟರಿ ಬದಲಿಸಿದ ಹತ್ತನೆಯ ದಿನ ಅದೇ ಯಕ್ಷಗಾನದ ವೀಡಿಯೊ ಮತ್ತೆ ಹಾಕಿದೆ. ಅರ್ಧ ಬೆಳಕು, ಅರ್ಧ ಶಬ್ದ, ಶೇ. 90ರಿಂದ ಶುರು. ಎರಡು ಗಂಟೆ ಕಳೆದಾಗ ಪರದೆಯಲ್ಲಿ 71 ಇತ್ತು. ಚೀಟಿಯಲ್ಲಿ 24ರ ಕೆಳಗೆ ದಿನಾಂಕ ಹಾಕಿ 19 ಎಂದು ಬರೆದು, ಅಮ್ಮನ ಫೋನಿಗೂ ಒಂದು ಹೊಸ ಚೀಟಿ ಶುರು ಮಾಡಿದೆ.